‘ಯಾವ ನಾಳೆ?’: ಮೊಬೈಲ್ ಸುದ್ದಿಯ ವಿನ್ಯಾಸ – ಒಂದು ಜಾನಪದೀಯ ವಿಮರ್ಶೆ

ಪೀಠಿಕೆ

ಜಾನಪದವೆಂದರೆ ಅಳಿದುಹೋಗುತ್ತಿರುವುದರ ಸಂಗ್ರಹ ಎಂಬ ತಿಳಿವಳಿಕೆ ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲ ಬೇರೂರಿತ್ತು. ಬೀಸುವ ಪದ, ಹಂತಿ ಪದ, ಸೋಬಾನೆ, ಒಗಟು, ಗಾದೆಗಳನ್ನು ಕೇಳಿ ಬರೆದಿಟ್ಟುಕೊಳ್ಳುವುದರಲ್ಲಿಯೇ ಮೊದಲ ತಲೆಮಾರಿನ ವಿದ್ವಾಂಸರ ಬಹುಪಾಲು ಶ್ರಮ ವಿನಿಯೋಗವಾಯಿತು. ಅದು ಆ ಕಾಲದ ಅಗತ್ಯವೂ ಆಗಿತ್ತು. ಜನರು ಮಾತನ್ನು ಹೇಗೆ ಕಟ್ಟುತ್ತಾರೆ, ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿಸುತ್ತಾರೆ, ಯಾವ ಗುರುತುಗಳಿದ್ದರೆ ಅದನ್ನು ನಂಬುತ್ತಾರೆ ಎಂಬ ಪ್ರಶ್ನೆಗಳು ಮುನ್ನೆಲೆಗೆ ಬಂದದ್ದು ತಡವಾಗಿ. 1971ರಲ್ಲಿ ಡ್ಯಾನ್ ಬೆನ್-ಆಮೋಸ್ ಅವರು ಜಾನಪದವನ್ನು ಸಣ್ಣ ಗುಂಪುಗಳೊಳಗಿನ ಕಲಾತ್ಮಕ ಸಂವಹನವೆಂದು ನಿರ್ವಚಿಸಿದ ಮೇಲೆ ಸಂವಹನದ ಯಾವ ಮಾಧ್ಯಮವೂ ನಮ್ಮ ಅಧ್ಯಯನಕ್ಕೆ ಹೊರತಾಗಿ ಉಳಿಯಲಿಲ್ಲ. ಈ ಹಿನ್ನೆಲೆಯಲ್ಲಿ ಮೊಬೈಲ್ ಫೋನಿನ ಓದುಗನಿಗಾಗಿ ಕನ್ನಡದಲ್ಲಿ ಸಿದ್ಧವಾಗುತ್ತಿರುವ ಸುದ್ದಿಯ ವಿನ್ಯಾಸವನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ವಿಷಯದತ್ತ ನನ್ನ ಗಮನ ಹರಿದದ್ದು ಕ್ಷೇತ್ರಕಾರ್ಯದ ಒಂದು ಸಣ್ಣ ಪ್ರಸಂಗದಿಂದ. ಮಲೆನಾಡಿನ ಒಂದು ಊರಿನಲ್ಲಿ, ಮಳೆಗಾಲದ ಒಂದು ಸಂಜೆ, ನಾನು ಹಾಡು ಬರೆದುಕೊಳ್ಳಲೆಂದು ಹೋಗಿದ್ದ ಮನೆಯಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು ಫೋನು ಹಿಡಿದು ಒಳಗೆ ಓಡಿಬಂದು ‘ನಾಳೆ ರಜೆ’ ಎಂದಳು. ಫೋನಿನ ಪರದೆಯ ಮೇಲೆ ಸುದ್ದಿತಾಣವೊಂದರ ಶೀರ್ಷಿಕೆಯ ಚಿತ್ರವಿತ್ತು: ಭಾರಿ ಮಳೆ, ನಾಳೆ ಶಾಲೆಗಳಿಗೆ ರಜೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘2 ಗಂಟೆಗಳ ಹಿಂದೆ’. ಒಲೆಯ ಮುಂದೆ ಕುಳಿತಿದ್ದ ಅಜ್ಜಿ ತಲೆಯೆತ್ತದೆ ಕೇಳಿದರು: ‘ಯಾವೂರಿಗೇ ರಜೆ? ಯಾವ ನಾಳೆಯೇ ಅದು?’ ಹುಡುಗಿಯ ಬಳಿ ಉತ್ತರವಿರಲಿಲ್ಲ. ಮರುದಿನ ಅವಳು ಶಾಲೆಗೆ ಹೋಗಲಿಲ್ಲ. ಶಾಲೆ ನಡೆದಿತ್ತು, ಕಿರುಪರೀಕ್ಷೆಯೂ ನಡೆದಿತ್ತು. ಆ ಚಿತ್ರ ಹಿಂದಿನ ವರ್ಷದ್ದು, ಬೇರೊಂದು ಜಿಲ್ಲೆಗೆ ಸಂಬಂಧಿಸಿದ್ದು ಎಂಬುದು ಆಮೇಲೆ ತಿಳಿಯಿತು. ಅಕ್ಷರ ಬಾರದ ಅಜ್ಜಿ ಕೇಳಿದ ಎರಡು ಪ್ರಶ್ನೆಗಳನ್ನು ಆ ಸುದ್ದಿಯನ್ನು ವಿನ್ಯಾಸಗೊಳಿಸಿದವರು ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆಗಳು ಎಲ್ಲಿಂದ ಬಂದವು ಎಂಬುದನ್ನು ಹುಡುಕುತ್ತಾ ಹೋದರೆ ಮೊಬೈಲ್ ಸುದ್ದಿಯ ಮೂಲ ದೋಷ ಗೋಚರಿಸುತ್ತದೆ.

ಡಂಗುರದ ಸಂರಚನೆ

ಮೊಬೈಲ್ ಸುದ್ದಿಯ ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವೆಂದರೆ ಅದು ತೀರಾ ಚಿಕ್ಕದು, ಆಳವಿಲ್ಲದ್ದು ಎಂಬುದು. ಈ ಆಕ್ಷೇಪವನ್ನು ಜಾನಪದ ವಿದ್ಯಾರ್ಥಿ ಒಪ್ಪುವುದು ಕಷ್ಟ. ಅಲ್ಪಾಕ್ಷರತೆ ನಮ್ಮ ಮೌಖಿಕ ಪರಂಪರೆಯ ಗುಣಗಳಲ್ಲೊಂದು. ಗಾದೆ ನಾಲ್ಕೈದು ಪದಗಳಲ್ಲಿ ಮುಗಿಯುತ್ತದೆ. ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದ ಡಂಗುರ ಒಂದೆರಡು ವಾಕ್ಯಗಳನ್ನು ಮೀರುತ್ತಿರಲಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ಸಾರುವುದು, ತಮಟೆ ಹೊಡೆಸುವುದು ಎಂದೂ ಬೇರೆಡೆ ಡಂಗುರ, ಟಾಂ ಟಾಂ ಎಂದೂ ಕರೆಯಲಾಗುತ್ತಿದ್ದ ಈ ಪದ್ಧತಿಯ ರಚನೆಯನ್ನು ಗಮನಿಸಬಹುದು. ಮೊದಲು ವಾದ್ಯದ ಸದ್ದು. ಅದು ಕಿವಿಯನ್ನು ಸೆಳೆಯುತ್ತದೆ. ಅನಂತರ ‘ಕೇಳ್ರಪ್ಪೋ ಕೇಳ್ರಿ’ ಎಂಬ ಸಂಬೋಧನೆ. ಆಮೇಲೆ ಸಾರುವ ವಿಷಯ: ನಾಳೆ ಸೋಮವಾರ ಹೊತ್ತು ಮೂಡುವಾಗ ದೊಡ್ಡಕೆರೆಯ ತೂಬು ಎತ್ತುತ್ತಾರೆ. ಕೊನೆಗೆ ಯಾರ ಅಪ್ಪಣೆ ಎಂಬ ಉಲ್ಲೇಖ: ಗೌಡರು ಹೇಳಿದ್ದಾರೆ, ಪಂಚಾಯಿತಿಯವರು ಹೇಳಿದ್ದಾರೆ. ಇಷ್ಟನ್ನು ಪ್ರತಿ ಬೀದಿಯ ತಿರುವಿನಲ್ಲಿಯೂ ಯಥಾವತ್ತಾಗಿ ಪುನರುಚ್ಚರಿಸಲಾಗುತ್ತದೆ. ಇಲ್ಲಿ ‘ನಾಳೆ’ ಎಂಬ ಪದ ಒಂಟಿಯಾಗಿ ಬರುವುದಿಲ್ಲ, ‘ನಾಳೆ ಸೋಮವಾರ’ ಎಂದು ವಾರದೊಡನೆ ಬರುತ್ತದೆ. ಕೆರೆಗೆ ಹೆಸರಿದೆ. ಹೇಳಿಸಿದವರ ಗುರುತಿದೆ. ಸಾರುವವನು ಕಣ್ಣೆದುರಿಗೇ ಇದ್ದಾನೆ. ಜಗಲಿಯ ಮೇಲಿದ್ದವರು ಅವನನ್ನು ತಡೆದು ‘ಚಿಕ್ಕಕೆರೆಯದು ಯಾವಾಗಪ್ಪ?’ ಎಂದು ಕೇಳಬಹುದು.

ಡಂಗುರವನ್ನು ಆದರ್ಶೀಕರಿಸುವುದು ಇಲ್ಲಿನ ಆಶಯವಲ್ಲ. ತಮಟೆ ಹೊತ್ತು ಬಿಸಿಲಲ್ಲಿ ಬೀದಿ ಸುತ್ತುವ ಕೆಲಸ ಬಹುತೇಕ ಊರುಗಳಲ್ಲಿ ದಲಿತ ಸಮುದಾಯದವರ ಮೇಲೆ ಜಾತಿಯ ಕಾರಣದಿಂದ ಹೇರಿದ ಬಿಟ್ಟಿ ಚಾಕರಿಯಾಗಿತ್ತು. ಸಾರುವವನಿಗೆ ತಾನು ಸಾರುವ ಸುದ್ದಿಯ ಮೇಲೆ ಅಧಿಕಾರವಿರಲಿಲ್ಲ. ಯಾವುದು ಸುದ್ದಿ ಎಂಬುದನ್ನು ಊರಿನ ಬಲಾಢ್ಯರು ನಿರ್ಧರಿಸುತ್ತಿದ್ದರು. ಈ ಅರ್ಥದಲ್ಲಿ ಯಾರ ಕೈಯಲ್ಲಿ ಬೇಕಾದರೂ ಇರುವ ಫೋನು ಒಂದು ಬಿಡುಗಡೆಯೂ ಹೌದು. ಆದರೂ ಸಂರಚನೆಯ ದೃಷ್ಟಿಯಿಂದ ಡಂಗುರ ಕಲಿಸುವ ಪಾಠ ಸ್ಪಷ್ಟ: ಮಾತು ಎಷ್ಟು ಚಿಕ್ಕದಾದರೂ ಯಾರು, ಎಲ್ಲಿ, ಎಂದು ಎಂಬ ಮೂರು ಗುರುತುಗಳನ್ನು ಅದರಿಂದ ಕಳಚುವಂತಿಲ್ಲ.

ಮುದ್ರಿತ ಪತ್ರಿಕೆ ಈ ಪಾಠವನ್ನು ತನ್ನದೇ ರೀತಿಯಲ್ಲಿ ಉಳಿಸಿಕೊಂಡಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ಕನ್ನಡದ ಮೊದಲ ಪತ್ರಿಕೆಯ ಹೆಸರಿನಲ್ಲಿಯೇ ಊರಿತ್ತು: ‘ಮಂಗಳೂರ ಸಮಾಚಾರ’. ಮುಂದೆ ಬೆಳೆದ ಪತ್ರಿಕೋದ್ಯಮದಲ್ಲಿ ಪ್ರತಿ ವರದಿಯೂ ಊರಿನ ಹೆಸರಿನಿಂದ ಆರಂಭವಾಗುವುದು ಸಂಪ್ರದಾಯವಾಯಿತು. ದಿನಾಂಕ ಪುಟದ ನೆತ್ತಿಯ ಮೇಲಿತ್ತು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟರೂ ಅದು ಹಳೆಯದೆಂದು ಕಾಗದದ ಬಣ್ಣವೇ ಹೇಳುತ್ತಿತ್ತು.

‘ನಾಳೆ ಬಾ’ ಮತ್ತು ದಿನಾಂಕವಿಲ್ಲದ ಸುದ್ದಿ

ಮೊಬೈಲ್ ಸುದ್ದಿಗೆ ಬಣ್ಣ ಮಾಸುವುದಿಲ್ಲ. ಮೇಲಾಗಿ ಅದರ ಕಾಲಸೂಚನೆಯೇ ಬೇರೆ ಬಗೆಯದು. ಅನೇಕ ಸುದ್ದಿ ಆ್ಯಪ್‌ಗಳು ದಿನಾಂಕದ ಬದಲಿಗೆ ‘2 ಗಂಟೆಗಳ ಹಿಂದೆ’, ‘ನಿನ್ನೆ’ ಎಂಬ ಸಾಪೇಕ್ಷ ಕಾಲವನ್ನು ತೋರಿಸುತ್ತವೆ. ಆ್ಯಪ್‌ನ ಒಳಗಿರುವವರೆಗೆ ಈ ಲೆಕ್ಕ ತಾನಾಗಿಯೇ ಬದಲಾಗುತ್ತಿರುತ್ತದೆ. ಹಾಗಾಗಿ ಅದು ಸುಳ್ಳಲ್ಲ. ಆದರೆ ಓದುಗರು ಸುದ್ದಿಯನ್ನು ಹಂಚಿಕೊಳ್ಳುವ ಒಂದು ಮುಖ್ಯ ವಿಧಾನವೆಂದರೆ ಪರದೆಯ ಚಿತ್ರ ತೆಗೆದು ಕಳುಹಿಸುವುದು. ಚಿತ್ರವಾದ ಕ್ಷಣದಲ್ಲಿ ಆ ಎರಡು ಗಂಟೆ ಹೆಪ್ಪುಗಟ್ಟುತ್ತದೆ. ಮುಂದಿನ ವರ್ಷವೂ ಅದು ಎರಡು ಗಂಟೆಗಳ ಹಿಂದಿನ ಸುದ್ದಿಯೇ.

ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಇತ್ತೀಚಿನ ಜಾನಪದದಲ್ಲಿಯೇ ಒಂದು ಅಪೂರ್ವ ನಿದರ್ಶನವಿದೆ. 1990ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ಕರ್ನಾಟಕದ ಹಲವೆಡೆ ಮನೆಯ ಬಾಗಿಲು, ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆಯುವ ರೂಢಿ ಹಬ್ಬಿತು. ರಾತ್ರಿ ಪರಿಚಿತರ ದನಿಯಲ್ಲಿ ಬಾಗಿಲು ತಟ್ಟುವ ಹೆಣ್ಣುದೆವ್ವ ಈ ಬರಹವನ್ನು ಓದಿ ಹಿಂದಿರುಗುತ್ತದೆ, ಮರುರಾತ್ರಿ ಬಂದಾಗಲೂ ಅದೇ ಬರಹವನ್ನು ಕಂಡು ಮತ್ತೆ ಹಿಂದಿರುಗುತ್ತದೆ ಎಂಬುದು ನಂಬಿಕೆ. ಈ ವದಂತಿ ಹಬ್ಬಿದಾಗ ಜನರ ಕೈಯಲ್ಲಿ ಮೊಬೈಲ್ ಇರಲಿಲ್ಲವೆಂಬುದನ್ನು ನೆನೆದರೆ, ವದಂತಿಗೆ ಫೋನನ್ನೇ ಹೊಣೆ ಮಾಡುವ ವಾದ ಸಡಿಲಗೊಳ್ಳುತ್ತದೆ. ಇದಕ್ಕಿಂತ ಮಹತ್ವದ್ದು ಆ ಬರಹದ ಭಾಷಿಕ ತಂತ್ರ. ಆಡಿದ ‘ನಾಳೆ’ಗೆ ಆಡಿದ ದಿನದ ಆಸರೆಯಿದೆ, ಬರೆದಿಟ್ಟ, ದಿನಾಂಕವಿಲ್ಲದ ‘ನಾಳೆ’ಗೆ ಅಂತ್ಯವಿಲ್ಲ. ಈ ಸೂಕ್ಷ್ಮವನ್ನು ಜನಸಮುದಾಯ ಬಲ್ಲದಾಗಿತ್ತು, ಬಲ್ಲುದರಿಂದಲೇ ಅದನ್ನು ದೆವ್ವವನ್ನು ಏಮಾರಿಸುವ ಉಪಾಯವಾಗಿ ಬಳಸಿತು. ಮೊಬೈಲ್ ಸುದ್ದಿಯ ವಿನ್ಯಾಸ ಅರಿವಿಲ್ಲದೆಯೇ ಅದೇ ಉಪಾಯವನ್ನು ಓದುಗನ ಮೇಲೆ ಪ್ರಯೋಗಿಸುತ್ತಿದೆ. ‘ನಾಳೆ ಶಾಲೆಗಳಿಗೆ ರಜೆ’ ಎಂಬ ಚಿತ್ರ ಪ್ರತಿ ಮಳೆಗಾಲದಲ್ಲಿಯೂ ಮರಳಿ ಬಾಗಿಲು ತಟ್ಟುವುದು ಈ ಕಾರಣದಿಂದ.

ಕ್ರಿಯಾಪದ ಕಳೆದುಕೊಂಡ ಶೀರ್ಷಿಕೆ

ಎರಡನೆಯ ದೋಷ ಕನ್ನಡದ ವಾಕ್ಯರಚನೆಗೆ ಸಂಬಂಧಿಸಿದ್ದು. ಮೊಬೈಲ್ ತಂತ್ರಜ್ಞಾನದ ಅಳತೆಗಳು ಮೊದಲಿನಿಂದಲೂ ಕನ್ನಡದ ಅಳತೆಗಳಾಗಿರಲಿಲ್ಲ. ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗೆ ಎಡೆಯಿದ್ದರೆ, ಯೂನಿಕೋಡ್‌ನಲ್ಲಿ ಕಳುಹಿಸುವ ಕನ್ನಡಕ್ಕೆ ದೊರೆಯುವುದು 70 ಸಂಕೇತಗಳು ಮಾತ್ರ. ಅದೂ ನಾವು ಎಣಿಸುವ ಅಕ್ಷರಗಳಲ್ಲ. ‘ಕೃಷ್ಣರಾಜಸಾಗರ’ ಎಂಬಲ್ಲಿ ಓದುಗ ಏಳು ಅಕ್ಷರಗಳನ್ನು ಎಣಿಸಿದರೆ, ವ್ಯಂಜನ, ಸ್ವರಚಿಹ್ನೆ, ವಿರಾಮಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುವ ಯಂತ್ರ ಹನ್ನೆರಡನ್ನು ಎಣಿಸುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತರೂ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಲಿಪಿಗೆ ವ್ಯವಸ್ಥಿತ ಬೆಂಬಲ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಕನ್ನಡದ ಸುದ್ದಿ ಅನೇಕ ಫೋನುಗಳಲ್ಲಿ ಬರಿಯ ಚೌಕಗಳ ಸಾಲಾಗಿ ಕಾಣುತ್ತಿತ್ತು. ಅಕ್ಷರಗಳು ಮೂಡಿದ ಮೇಲೂ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಬೇಕಾದ ಜಾಗವನ್ನು ವಿನ್ಯಾಸಕಾರರು ಬಿಡದಿರುವುದು, ಒತ್ತುಗಳು ಕೆಳಸಾಲಿನ ತಲೆಕಟ್ಟಿಗೆ ತಾಗುವುದು ಇಂದಿಗೂ ಕಾಣಸಿಗುತ್ತದೆ.

ಇವು ಕಣ್ಣಿಗೆ ಕಾಣುವ ತೊಂದರೆಗಳು. ಕಾಲ ಕಳೆದಂತೆ ಪರಿಹಾರವಾಗುವಂಥವು. ಕಾಣದಿರುವ ತೊಂದರೆ ಇನ್ನೊಂದಿದೆ. ಫೋನಿನ ಬೀಗದ ಪರದೆಯ ಮೇಲೆ ಮೂಡುವ ಸೂಚನೆಯಲ್ಲಿ ಉದ್ದನೆಯ ಶೀರ್ಷಿಕೆ ನಡುವೆಯೇ ತುಂಡಾಗಿ ಮೂರು ಚುಕ್ಕಿಗಳಲ್ಲಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ಮೊದಲರ್ಧದಲ್ಲಿ ಬರುವುದರಿಂದ ಬಾಲ ತುಂಡಾದರೂ ಸಾಮಾನ್ಯವಾಗಿ ತಿರುಳು ಉಳಿಯುತ್ತದೆ. ಕನ್ನಡದ ಬರಹದಲ್ಲಿ ಕ್ರಿಯಾಪದವಿರುವುದು ಕೊನೆಯಲ್ಲಿ, ನಿಷೇಧಾರ್ಥವೂ ಅಲ್ಲಿಯೇ. ಉದಾಹರಣೆಗೆ, ‘ನಾಳೆ ರಾಜ್ಯದಾದ್ಯಂತ ಶಾಲೆಗಳಿಗೆ ರಜೆ ಘೋಷಿಸಲಾಗಿದೆ ಎಂಬ ಸಂದೇಶ ಸುಳ್ಳು’ ಎಂಬ ಶೀರ್ಷಿಕೆಯನ್ನು ಭಾವಿಸೋಣ. ಪರದೆಯ ಮೇಲೆ ಅದು ‘ನಾಳೆ ರಾಜ್ಯದಾದ್ಯಂತ ಶಾಲೆಗಳಿಗೆ ರಜೆ ಘೋಷಿಸ…’ ಎಂದು ನಿಲ್ಲುತ್ತದೆ. ಸುಳ್ಳನ್ನು ಅಲ್ಲಗಳೆಯಲು ಬರೆದ ಶೀರ್ಷಿಕೆಯೇ ಸುಳ್ಳಿನ ವಾಹಕವಾಗುತ್ತದೆ. ಸತ್ಯಶೋಧನೆಯ ಅಂಕಣಗಳ ಶೀರ್ಷಿಕೆಗಳು ಬಹುಮಟ್ಟಿಗೆ ಇದೇ ಅಚ್ಚಿನಲ್ಲಿರುವುದರಿಂದ ಈ ದೋಷ ಹೆಚ್ಚು ಅಪಾಯಕಾರಿ.

ಇದಕ್ಕೆ ಉತ್ತರವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಆಡುಗನ್ನಡ ಬರಹದ ಕನ್ನಡದಷ್ಟು ಕ್ರಮಬದ್ಧವಲ್ಲ. ಅವಸರದ ಸುದ್ದಿಯನ್ನು ಹೇಳುವಾಗ ಜನರು ಮುಖ್ಯವಾದುದನ್ನು ಮೊದಲು ಹೇಳಿ ಉಳಿದುದನ್ನು ಬಾಲವಾಗಿ ಸೇರಿಸುತ್ತಾರೆ: ‘ಇಲ್ಲ ಕಣ್ರೀ ರಜೆ, ನಾಳೆ’; ‘ಬರಲ್ವಂತೆ ಬಸ್ಸು, ಇವತ್ತು’. ಅಲನ್ ಡಂಡೆಸ್ 1964ರಲ್ಲಿ ಮಂಡಿಸಿದ ಭಾಷಿಕ ಹೆಣಿಗೆ, ಪಠ್ಯ, ಸಂದರ್ಭ ಎಂಬ ತ್ರಿವಳಿ ಕಲ್ಪನೆಯನ್ನು ಇಲ್ಲಿ ಅನ್ವಯಿಸಿದರೆ, ಆಡುಮಾತಿನ ಹೆಣಿಗೆ ಸಂದರ್ಭದ ಒತ್ತಡಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಪತ್ರಿಕೆಯ ಅಗಲವಾದ ಪುಟಕ್ಕೆಂದು ರೂಪುಗೊಂಡ ಶೀರ್ಷಿಕೆಯ ಹೆಣಿಗೆಯನ್ನು ಅಂಗೈಯಗಲದ ಪರದೆಗೆ ಹಾಗೆಯೇ ತಂದು ಕೂರಿಸಲಾಗಿದೆ. ‘ರಜೆ ಇಲ್ಲ: ನಾಳೆ ಶಾಲೆ ಎಂದಿನಂತೆ’ ಎಂದು ಬರೆದರೆ ಬಾಲ ಎಲ್ಲಿ ತುಂಡಾದರೂ ಅರ್ಥ ಕೆಡುವುದಿಲ್ಲ.

ಒಗಟಿನ ದುರ್ಬಳಕೆ

ಡಂಗುರದ ರೀತಿಗೆ ತೀರ ವಿರುದ್ಧವಾದ ಮತ್ತೊಂದು ಬಗೆಯ ಶೀರ್ಷಿಕೆ ಮೊಬೈಲ್ ಸುದ್ದಿಯಲ್ಲಿ ಬೇರೂರಿದೆ. ಪ್ರಸಿದ್ಧ ನಟ ಹೀಗೆ ಮಾಡಬಹುದೆಂದು ಯಾರೂ ಎಣಿಸಿರಲಿಲ್ಲ. ಈ ಒಂದು ತಪ್ಪು ಮಾಡಿದರೆ ನಿಮ್ಮ ಪಡಿತರ ಚೀಟಿ ರದ್ದು. ಈ ಜಿಲ್ಲೆಯವರೇ ಎಚ್ಚರ. ಯಾವ ನಟ, ಯಾವ ತಪ್ಪು, ಯಾವ ಜಿಲ್ಲೆ ಎಂಬುದನ್ನು ಬಚ್ಚಿಡುವುದೇ ಈ ಶೀರ್ಷಿಕೆಗಳ ತಂತ್ರ. ಜಾನಪದದ ಪರಿಭಾಷೆಯಲ್ಲಿ ಇದು ಒಗಟು. ರಾಬರ್ಟ್ ಜಾರ್ಜಸ್ ಮತ್ತು ಅಲನ್ ಡಂಡೆಸ್ 1963ರಲ್ಲಿ ಒಗಟಿನ ಸಂರಚನೆಯನ್ನು ವಿವೇಚಿಸುತ್ತಾ, ಅದರಲ್ಲಿ ವರ್ಣನೆಯಿದ್ದು ವರ್ಣಿತವಾದ ವಸ್ತುವನ್ನು ಕೇಳುಗ ಊಹಿಸಬೇಕಾಗುತ್ತದೆ ಎಂದು ಗುರುತಿಸಿದರು. ಶೀರ್ಷಿಕೆಯಲ್ಲಿಯೂ ವರ್ಣನೆಯಿದೆ, ವಸ್ತು ಮರೆಯಲ್ಲಿದೆ.

ಆದರೆ ಸಾಮ್ಯ ಇಲ್ಲಿಗೆ ಮುಗಿಯುತ್ತದೆ. ಒಗಟಿನಲ್ಲಿ ಉತ್ತರಕ್ಕೆ ಬೇಕಾದ ಸುಳಿವೆಲ್ಲ ಒಗಟಿನಲ್ಲಿಯೇ ಇರುತ್ತದೆ. ಜಾಣ್ಮೆಯುಳ್ಳವರು ಅದನ್ನು ಬಿಡಿಸಬಲ್ಲರು. ಸೋತವರಿಗೆ ಉತ್ತರ ಹೇಳಿಬಿಡುವುದು ಒಗಟು ಹಾಕಿದವರ ಧರ್ಮ, ಉತ್ತರ ಕೇಳಿದ ಮೇಲೆ ‘ಹೌದಲ್ಲ’ ಎಂದು ಒಪ್ಪುವಂತಿರಬೇಕು. ಮೊಬೈಲ್ ಶೀರ್ಷಿಕೆಯಲ್ಲಿ ಬಿಡಿಸಲು ಏನೂ ಇಲ್ಲ. ಒತ್ತಿ ಒಳಹೊಕ್ಕವರು ಜಾಹೀರಾತುಗಳನ್ನು ದಾಟಿ ಐದಾರು ಪರಿಚ್ಛೇದಗಳನ್ನು ಓದಿದ ಬಳಿಕ, ಶೀರ್ಷಿಕೆಯಲ್ಲಿಯೇ ಎರಡು ಪದಗಳಲ್ಲಿ ಹೇಳಬಹುದಾಗಿದ್ದ ಸಂಗತಿಯನ್ನು ಕಾಣುತ್ತಾರೆ.

ಸುದ್ದಿಯನ್ನು ತಡೆಹಿಡಿಯುವ ರೂಢಿ ನಮ್ಮ ಜನಜೀವನದಲ್ಲಿಯೂ ಇದೆ. ಸಾವಿನ ಸುದ್ದಿ ತಂದವನು ಬಾಗಿಲಲ್ಲಿ ನಿಂತು ನೇರವಾಗಿ ಹೇಳುವುದಿಲ್ಲ. ಮೈಯಲ್ಲಿ ತೀರಾ ಹುಷಾರಿಲ್ಲವಂತೆ, ಬೇಗ ಹೊರಡಬೇಕಂತೆ ಎನ್ನುತ್ತಾನೆ. ಆ ಮರೆಮಾಚುವಿಕೆ ಕೇಳುವವರ ಮನಸ್ಸನ್ನು ಅಣಿಗೊಳಿಸುವ ಕರುಣೆಯಿಂದ ಹುಟ್ಟಿದ್ದು. ಪಡಿತರ ಚೀಟಿಯನ್ನೇ ನಂಬಿದ ಓದುಗಳಿಗೆ ‘ಈ ಒಂದು ತಪ್ಪು’ ಎಂದು ಹೆದರಿಸಿ ಒಳಗೆ ಕರೆಯುವುದರಲ್ಲಿ ಅಂಥ ಕರುಣೆಯಿಲ್ಲ. ಮನರಂಜನೆಯ ಸುದ್ದಿಗೆ ಒಗಟಿನ ಶೀರ್ಷಿಕೆಯನ್ನು ಸಹಿಸಬಹುದು; ರೇಷನ್ನು, ರಜೆ, ಪ್ರವಾಹ, ಪರೀಕ್ಷೆ, ರೋಗಗಳಿಗೆ ಸಂಬಂಧಿಸಿದ ಸುದ್ದಿ ಡಂಗುರದಂತೆ ಮೊದಲ ಉಸಿರಿಗೇ ತಿರುಳನ್ನು ಹೇಳತಕ್ಕದ್ದು.

‘ಅಂತೆ’ಯ ಅಳಿವು

ಕನ್ನಡದಲ್ಲಿ ತಾನು ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಿ ತೋರಿಸುವ ಒಂದು ಪುಟ್ಟ ಸಾಧನವಿದೆ. ‘ಮಳೆ ಬಂತು’ ಎಂದರೆ ಹೇಳುವವರು ಅದನ್ನು ಬಲ್ಲರು. ‘ಮಳೆ ಬಂತಂತೆ’ ಎಂದರೆ ಯಾರಿಂದಲೋ ಕೇಳಿದ್ದಾರೆ. ಅದು ಸುದ್ದಿಯನ್ನು ದಾಟಿಸುವವರು ತಮ್ಮ ಹೊಣೆಯ ಮಿತಿಯನ್ನು ಘೋಷಿಸುವ ವಿಧಾನ. ಕೇಳುವವರು ಸಹಜವಾಗಿ ‘ಯಾರಂದರು?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಮೂಲವಿಲ್ಲದ ಮಾತು ಬೆಳೆದಾಗ ಜನರು ಅದನ್ನು ‘ಅಂತೆಕಂತೆ’ ಎಂದು ತಳ್ಳಿಹಾಕುವುದೂ ಇದೇ ವಿವೇಕದ ಫಲ.

ಮೊಬೈಲ್ ಸುದ್ದಿಯ ಶೀರ್ಷಿಕೆಯಲ್ಲಿ ‘ಅಂತೆ’ಗೆ ಸ್ಥಾನವಿಲ್ಲ. ಅದು ಗ್ರಾಂಥಿಕವಲ್ಲವೆಂದು ಮುದ್ರಣದ ಕಾಲದಲ್ಲಿಯೇ ಹೊರಗುಳಿಯಿತು; ಅದರ ಬದಲಿಗೆ ಇದ್ದ ‘ಎಂದು ಪೊಲೀಸರು ತಿಳಿಸಿದ್ದಾರೆ’ ಎಂಬಂಥ ಆಧಾರವಾಕ್ಯ ಈಗ ಒತ್ತಿ ಒಳಹೊಕ್ಕವರಿಗೆ ಮಾತ್ರ ಸಿಗುವ ಒಳಪುಟಕ್ಕೆ ಸರಿಯಿತು. ಪರದೆಯ ಮೇಲೆ ಉಳಿದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಹೊಣೆಯನ್ನು ಓದುಗರಿಗೆ ವರ್ಗಾಯಿಸುತ್ತದೆಯೇ ಹೊರತು ಮೂಲವನ್ನು ತಿಳಿಸುವುದಿಲ್ಲ.

ಮೂಲದ ಗುರುತು ಅಳಿದಾಗ ಏನಾಗಬಹುದೆಂಬುದಕ್ಕೆ ಕರ್ನಾಟಕದಲ್ಲಿಯೇ ದಾರುಣ ನಿದರ್ಶನವಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ವದಂತಿ ಯಾವ ಪತ್ರಿಕೆಯೂ ಬರೆದ ಸುದ್ದಿಯಾಗಿರಲಿಲ್ಲ. ಹಾಗಿದ್ದೂ ಸುದ್ದಿಯ ವಿನ್ಯಾಸಕ್ಕೂ ಇದಕ್ಕೂ ಸಂಬಂಧವಿದೆ. ಸುದ್ದಿಸಂಸ್ಥೆಯ ಶೀರ್ಷಿಕೆಯ ಚಿತ್ರದಲ್ಲಿ ಊರು, ದಿನಾಂಕ, ಮೂಲಗಳು ಎದ್ದುಕಾಣುವಂತಿದ್ದರೆ, ಅವಿಲ್ಲದ ಸಂದೇಶವನ್ನು ಕಂಡಾಗ ಓದುಗರ ಮನಸ್ಸಿನಲ್ಲಿ ಅನುಮಾನ ಮೂಡುವ ಸಂಭವವಿರುತ್ತದೆ. ಎರಡಕ್ಕೂ ಒಂದೇ ಮುಖವಿದ್ದರೆ ಬೇರ್ಪಡಿಸುವ ಬಗೆ ಯಾವುದು?

ಅದೇ 2018ರ ಜುಲೈ ತಿಂಗಳಲ್ಲಿ ವಾಟ್ಸಾಪ್ ಸಂಸ್ಥೆ ರವಾನಿತ ಸಂದೇಶಗಳಿಗೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ಜಾರಿಗೆ ತಂದಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗಳಿಗಷ್ಟೇ ರವಾನಿಸುವ ಮಿತಿಯನ್ನೂ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ರವಾನೆಯಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಬಿಗಿಗೊಳಿಸಿತು. ‘ಫಾರ್ವರ್ಡೆಡ್’ ಎಂಬ ಆ ಗುರುತು ಯಂತ್ರ ಕಲಿತ ‘ಅಂತೆ’ಯೆಂದೇ ನನ್ನ ಭಾವನೆ. ನಮ್ಮ ಭಾಷೆ ಒಂದು ಪ್ರತ್ಯಯದಿಂದ ಸಾಧಿಸಿದ್ದನ್ನು ತಂತ್ರಜ್ಞಾನ ಅನೇಕ ಸಾವುಗಳ ನಂತರ ಒಂದು ಬಾಣದ ಚಿಹ್ನೆಯಿಂದ ಸಾಧಿಸಲು ಹೊರಟಿತು. ಆದರೂ ಅದು ಅರೆಯಾದ ಸಾಧನೆ. ಮಾತು ಎಲ್ಲಿಂದಲೋ ಬಂದಿದೆ ಎಂಬುದನ್ನು ಆ ಗುರುತು ತಿಳಿಸುತ್ತದೆ, ‘ಯಾರಂದರು?’ ಎಂಬ ಮರುಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಖಚಿತವಾಗುತ್ತವೆ. ಮೊಬೈಲ್ ಸುದ್ದಿಯ ಕೊರತೆ ಅದರ ಗಾತ್ರದಲ್ಲಿಲ್ಲ. ಗಾತ್ರ ಕಿರಿದಾಗುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ತಾರತಮ್ಯದಲ್ಲಿ ಎಡವಿರುವುದರಲ್ಲಿದೆ. ಶತಮಾನಗಳ ಕಾಲ ಕಿರುಮಾತಿನಲ್ಲಿ ಸುದ್ದಿ ಸಾಗಿಸಿದ ಸಮಾಜ ಆ ತಾರತಮ್ಯವನ್ನು ರೂಢಿಸಿಕೊಂಡಿತ್ತು. ಅದರ ಆಧಾರದ ಮೇಲೆ ಹೇಳುವುದಾದರೆ, ಹಂಚಿಕೆಯಾಗುವ ಶೀರ್ಷಿಕೆಯ ಚಿತ್ರದೊಳಗೇ ಪೂರ್ಣ ದಿನಾಂಕ ಮತ್ತು ಊರಿನ ಹೆಸರು ಅಡಕವಾಗಿರಬೇಕು. ಹೌದು, ಇಲ್ಲ, ಸುಳ್ಳು, ರದ್ದು ಎಂಬ ನಿರ್ಣಾಯಕ ಪದಗಳು ಶೀರ್ಷಿಕೆಯ ಆರಂಭದಲ್ಲಿರಬೇಕು. ಹೇಳಿದವರು ಯಾರೆಂಬುದು ಮೊದಲ ಪರದೆಯಲ್ಲಿಯೇ ಕಾಣಬೇಕು. ಇವುಗಳಿಗೆ ಹೊಸ ತಂತ್ರಜ್ಞಾನ ಬೇಕಾಗಿಲ್ಲ.

ಇದನ್ನು ಸುದ್ದಿಮನೆಯವರಿಗಷ್ಟೇ ಬಿಟ್ಟು ನಾವು ಕೈತೊಳೆದುಕೊಳ್ಳುವಂತಿಲ್ಲ. ಡಂಗುರದ ಸೂತ್ರಗಳು, ಸುದ್ದಿ ಹೇಳುವ ಆಡುಮಾತಿನ ವಾಕ್ಯಕ್ರಮಗಳು, ವದಂತಿಯ ಪಾಠಾಂತರಗಳು ನಮ್ಮ ಸಂಗ್ರಹಗಳಲ್ಲಿ ವಿರಳ. ಹಾಡು, ಕತೆಗಳಿಗೆ ಕೊಟ್ಟ ಗಮನವನ್ನು ನಾವು ಈ ಗದ್ಯದ ಮಾತಿಗೆ ಕೊಡಲಿಲ್ಲ. ಡಂಗುರ ಕೇಳಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಫೋನಿನಲ್ಲಿ ಹರಿದಾಡಿದ ವದಂತಿಗಳು ದಿನಾಂಕಸಹಿತ ದಾಖಲಾಗದೆ ಪ್ರತಿದಿನ ಅಳಿಸಿಹೋಗುತ್ತಿವೆ. ಎರಡನ್ನೂ ಒಟ್ಟಿಗೆ ಸಂಗ್ರಹಿಸುವ ಕೆಲಸಕ್ಕೆ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಅಕಾಡೆಮಿಯೂ ತೊಡಗುವುದು ಅಗತ್ಯ. ಅಂದು ಒಲೆಯ ಮುಂದೆ ಕುಳಿತು ‘ಯಾವ ನಾಳೆ?’ ಎಂದು ಕೇಳಿದ ಅಜ್ಜಿಯಿಂದ ನಾನು ಬರೆದುಕೊಂಡು ಬಂದದ್ದು ಹದಿನಾಲ್ಕು ಹಾಡುಗಳನ್ನು. ಆ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕೆಂದು ನನಗೆ ಆಗ ತೋಚಿರಲಿಲ್ಲ.